ಫಿಕ್ಸ್ಚರ್ ವಿನ್ಯಾಸಕ್ಕೆ ನಾನೇ ಜೋಡಿಸಿದ ವರ್ಕ್‌ಸ್ಟೇಷನ್

ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಸಣ್ಣ ವಿನ್ಯಾಸ ಕಚೇರಿ ಇದೆ. ಎರಕದ ಬಿಡಿಭಾಗಗಳನ್ನು ಮ್ಯಾಷಿನಿಂಗ್ ಸೆಂಟರಿನಲ್ಲಿ ಅಲುಗಾಡದಂತೆ ಹಿಡಿದಿಡುವ ಹೈಡ್ರಾಲಿಕ್ ಫಿಕ್ಸ್ಚರ್‌ಗಳನ್ನು ಸಾಲಿಡ್‌ವರ್ಕ್ಸ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ರೂಪಿಸುವುದು ನಮ್ಮ ಕೆಲಸ. ಒಂದೊಂದು ಅಸೆಂಬ್ಲಿಯಲ್ಲಿ ನಾನೂರರಿಂದ ಸಾವಿರದ ಇನ್ನೂರು ಭಾಗಗಳಿರುತ್ತವೆ. 2016ರಲ್ಲಿ ಕೊಂಡಿದ್ದ ಕಂಪ್ಯೂಟರಿನಲ್ಲಿ ಬೇಸ್ ಪ್ಲೇಟಿನ ದಪ್ಪವನ್ನು ಐದು ಮಿಲಿಮೀಟರ್ ಬದಲಿಸಿದರೂ ಪರದೆ ಒಂದೂವರೆ ನಿಮಿಷ ಸ್ತಬ್ಧವಾಗುತ್ತಿತ್ತು. ದಿನಕ್ಕೆ ನಲವತ್ತು ಬಾರಿ ಹೀಗಾದರೆ ಒಂದು ಗಂಟೆ ಬರಿಯ ಕಾಯುವಿಕೆಗೇ ಹೋಗುತ್ತದೆ.

2025ರ ಆರಂಭದಲ್ಲಿ ಹೊಸ ಯಂತ್ರಕ್ಕೆಂದು ವಿಚಾರಿಸಿದಾಗ ಬಂದ ಮೊದಲ ಕೊಟೇಶನ್ನಿನಲ್ಲಿ ಹದಿನಾರು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರೂ ಆಟಗಳಿಗೆಂದು ತಯಾರಾದ ದೊಡ್ಡ ಗ್ರಾಫಿಕ್ಸ್ ಕಾರ್ಡೂ ಇದ್ದವು. ಒಪ್ಪಿಕೊಳ್ಳುವ ಮೊದಲು ಹಳೆಯ ಯಂತ್ರ ನಿಜವಾಗಿ ಎಲ್ಲಿ ತಡೆಯುತ್ತಿದೆ ಎಂದು ಒಂದು ವಾರ ಅಳೆದು ನೋಡಲು ನಿರ್ಧರಿಸಿದೆ. ನಾನು ತೆಗೆದುಕೊಂಡ ಎಲ್ಲ ತೀರ್ಮಾನಗಳೂ ಆ ವಾರದ ಟಿಪ್ಪಣಿಗಳಿಂದಲೇ ಹುಟ್ಟಿದವು.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ರೀಬಿಲ್ಡ್ (ಬದಲಾವಣೆಯ ನಂತರ ಮಾಡೆಲನ್ನು ಮತ್ತೆ ಲೆಕ್ಕಹಾಕಿಸುವುದು) ಕೊಟ್ಟಾಗ ನಾಲ್ಕು ಕೋರ್, ಎಂಟು ಥ್ರೆಡ್‌ಗಳಿದ್ದ (ಅಂದರೆ ಒಂದೇ ಹೊತ್ತಿಗೆ ಎಂಟು ಕೆಲಸದ ಸಾಲುಗಳನ್ನು ನಡೆಸಬಲ್ಲ) ಆ ಪ್ರೊಸೆಸರಿನ ಬಳಕೆ ಶೇಕಡಾ ಹನ್ನೆರಡರಿಂದ ಹದಿನೈದರ ನಡುವೆಯೇ ನಿಂತಿತ್ತು. ಮೊದಲ ನೋಟಕ್ಕೆ ಪ್ರೊಸೆಸರ್ ಬಿಡುವಾಗಿದೆ ಎನ್ನಿಸುತ್ತದೆ. ಆದರೆ ಎಂಟರಲ್ಲಿ ಒಂದು ಪಾಲು ಎಂದರೆ ಹನ್ನೆರಡೂವರೆ. ಅಂದರೆ ಒಂದೇ ಥ್ರೆಡ್ ಪೂರ್ತಿ ದುಡಿಯುತ್ತಿತ್ತು, ಉಳಿದವು ಸುಮ್ಮನಿದ್ದವು. ಇದಕ್ಕೆ ಕಾರಣ ಮಾಡೆಲಿನ ಸ್ವರೂಪದಲ್ಲೇ ಇದೆ. ಮಾಡೆಲ್ ರೂಪಿಸಿದ ಹೆಜ್ಜೆಗಳ ಪಟ್ಟಿಯಾದ ಫೀಚರ್ ಟ್ರೀಯಲ್ಲಿ ಪ್ರತಿಯೊಂದು ಹೆಜ್ಜೆಯೂ ಹಿಂದಿನದರ ಮೇಲೆ ನಿಂತಿರುತ್ತದೆ: ಬಾಸ್ ಎಂಬ ಉಬ್ಬು ಮೂಡದೆ ಅದರಲ್ಲಿ ರಂಧ್ರವಿಲ್ಲ, ರಂಧ್ರದ ಅಂಚು ಗೊತ್ತಾಗದೆ ಆ ಅಂಚನ್ನು ಓರೆಯಾಗಿ ಕತ್ತರಿಸುವ ಚ್ಯಾಂಫರ್ ಇಲ್ಲ. ಶೆಡ್ಡಿನಲ್ಲಿ ಫೇಸಿಂಗ್ ಮುಗಿಯದೆ ಡ್ರಿಲ್ಲಿಂಗ್ ಶುರುಮಾಡಲಾಗದ ಒಂದು ಜಾಬಿನ ಸುತ್ತ ಹತ್ತು ಆಪರೇಟರ್‌ಗಳನ್ನು ನಿಲ್ಲಿಸಿದರೂ ಕೆಲಸ ಬೇಗ ಮುಗಿಯುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. ರೆಂಡರಿಂಗಿಗೆ ಹೆಚ್ಚು ಕೋರ್‌ಗಳು ಖಂಡಿತ ನೆರವಾಗುತ್ತವೆ, ಸ್ಟ್ರೆಸ್ ಅನಾಲಿಸಿಸ್ಸಿಗೂ ಒಂದು ಮಿತಿಯವರೆಗೆ ನೆರವಾಗುತ್ತವೆ, ಆದರೆ ನಾನು ರೆಂಡರಿಂಗ್ ಮಾಡುವುದು ತಿಂಗಳಿಗೆ ಒಂದೆರಡು ಬಾರಿ ಮಾತ್ರ.

ಆದ್ದರಿಂದ ಒಂದೊಂದು ಕೋರೂ ಅತಿ ವೇಗವಾಗಿರುವ ಎಂಟು ಕೋರ್‌ಗಳ ಎಎಂಡಿ ರೈಜೆನ್ 7 9700ಎಕ್ಸ್ ಆರಿಸಿಕೊಂಡೆ. 2024ರ ಆಗಸ್ಟಿನಲ್ಲಿ ಬಂದ ಈ ಪ್ರೊಸೆಸರಿನ ಗರಿಷ್ಠ ವೇಗ 5.5 ಗಿಗಾಹರ್ಟ್ಸ್, ಬಿಡುವ ಶಾಖದ ಅಂದಾಜು ಅಳತೆಯಾದ ಟಿಡಿಪಿ 65 ವ್ಯಾಟ್. ತಗಡಿನ ಚಾವಣಿಯ ಕೆಳಗೆ ಏಪ್ರಿಲ್ ಮಧ್ಯಾಹ್ನವೂ ಕೆಲಸ ಮಾಡಬೇಕಾದ ಯಂತ್ರಕ್ಕೆ ಕಡಿಮೆ ಶಾಖ ಎಂಬುದು ವೇಗದಷ್ಟೇ ಮುಖ್ಯ. ಇದರ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ. ಸಾಧಾರಣ ಟವರ್ ಏರ್ ಕೂಲರ್ ಒಂದನ್ನು ಬೇರೆಯಾಗಿ ಕೊಂಡೆ, ಅದೇ ಸಾಕಾಯಿತು.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಹೆಚ್ಚು ದಿನ ಯೋಚಿಸಿದೆ. ಆಟಗಳ ಕಾರ್ಡಿನಲ್ಲಿ ಅದೇ ಹಣಕ್ಕೆ ಹೆಚ್ಚು ಬಲ ಸಿಗುತ್ತದೆ ಎಂಬುದು ನಿಜವೇ. ಆದರೆ ಸಾಲಿಡ್‌ವರ್ಕ್ಸ್ ತನ್ನ ಒಂದೊಂದು ಆವೃತ್ತಿಗೂ ಪರೀಕ್ಷಿಸಿ ಪ್ರಮಾಣೀಕರಿಸಿದ ಕಾರ್ಡು ಮತ್ತು ಡ್ರೈವರುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದರಲ್ಲಿರುವುದು ವೃತ್ತಿಪರ ಕಾರ್ಡುಗಳು, ಮತ್ತು ರಿಯಲ್‌ವ್ಯೂ ಎಂಬ ನೋಟದ ಸೌಲಭ್ಯ ದೊರೆಯುವುದೂ ಅಂಥ ಕಾರ್ಡುಗಳಲ್ಲೇ. ನನಗೆ ರಿಯಲ್‌ವ್ಯೂ ಬೇಕೇಬೇಕೆಂದೇನೂ ಇರಲಿಲ್ಲ. ಮಾಡೆಲನ್ನು ಕೊಯ್ದು ಒಳಭಾಗ ತೋರಿಸುವ ಸೆಕ್ಷನ್ ವ್ಯೂನಲ್ಲಿ ಅಂಚುಗಳು ಮಾಯವಾಗಬಾರದು, ಗ್ರಾಹಕರ ಎದುರಿಗೆ ಮಾಡೆಲ್ ತಿರುಗಿಸುವಾಗ ತಂತ್ರಾಂಶ ಮುಚ್ಚಿಹೋಗಬಾರದು ಎಂಬುದಷ್ಟೇ ನನ್ನ ಕಾಳಜಿ. ನನ್ನ ಅತಿ ದೊಡ್ಡ ಅಸೆಂಬ್ಲಿಯೂ ಮೂರು ಜಿಬಿಗಿಂತ ಹೆಚ್ಚು ಗ್ರಾಫಿಕ್ಸ್ ಮೆಮೊರಿ ಬಳಸಿರಲಿಲ್ಲ. ಹೀಗಾಗಿ 12 ಜಿಬಿಯ ಎನ್‌ವಿಡಿಯಾ ಆರ್‌ಟಿಎಕ್ಸ್ ಎ2000 ತಂದೆ. ಅದು ಬಳಸುವುದು 70 ವ್ಯಾಟ್ ಮಾತ್ರ, ಅಷ್ಟನ್ನೂ ಸ್ಲಾಟಿನಿಂದಲೇ ಪಡೆಯುತ್ತದೆ, ಬೇರೆ ಪವರ್ ಕೇಬಲ್ ಬೇಕಿಲ್ಲ. ಕೊಳ್ಳುವವರು ಒಂದನ್ನು ಗಮನಿಸಬೇಕು: ಅದರ ನಾಲ್ಕೂ ಕಿಂಡಿಗಳು ಮಿನಿ ಡಿಸ್‌ಪ್ಲೇಪೋರ್ಟ್. ಎರಡು ಮಾನಿಟರ್ ಇರುವವರು ಸರಿಯಾದ ಕೇಬಲುಗಳನ್ನು ಜೊತೆಯಲ್ಲೇ ತರುವುದು ಒಳ್ಳೆಯದು.

ಮೆಮೊರಿ 64 ಜಿಬಿ ಹಾಕಿದೆ. ಅಸೆಂಬ್ಲಿ ತೆರೆದಿಟ್ಟು ಕ್ಲ್ಯಾಂಪಿಂಗ್ ಬಲದ ಅನಾಲಿಸಿಸ್ ನಡೆಸುವಾಗ ನಮ್ಮ ಬೇಡಿಕೆ 38 ಜಿಬಿಯವರೆಗೆ ಏರಿದ್ದನ್ನು ಕಂಡಿದ್ದೆ. ಹಳೆಯ ಯಂತ್ರದ 16 ಜಿಬಿ ತುಂಬಿ ಉಳಿದದ್ದು ಡಿಸ್ಕಿಗೆ ಹೋಗುತ್ತಿತ್ತು. ಡಿಡಿಆರ್5 ಮೆಮೊರಿಯನ್ನು 16 ಜಿಬಿಯ ನಾಲ್ಕು ಪಟ್ಟಿಗಳಾಗಿ ಅಲ್ಲ, 32 ಜಿಬಿಯ ಎರಡಾಗಿ ಕೊಂಡೆ. ಈ ಪ್ರೊಸೆಸರಿಗೆ ಎರಡು ಪಟ್ಟಿಗಳಿದ್ದಾಗ ಅಧಿಕೃತ ಮೆಮೊರಿ ವೇಗ ಸೆಕೆಂಡಿಗೆ 5600 ಮೆಗಾಟ್ರಾನ್ಸ್‌ಫರ್ ಇದ್ದರೆ ನಾಲ್ಕು ಸ್ಲಾಟೂ ತುಂಬಿದಾಗ ಅದು 3600ಕ್ಕೆ ಇಳಿಯುತ್ತದೆ. ದೋಷ ತಿದ್ದುವ ಇಸಿಸಿ ಮೆಮೊರಿಯನ್ನು ಬಹಳ ಯೋಚಿಸಿ ಬಿಟ್ಟೆ. ನಮ್ಮ ಲೆಕ್ಕಗಳು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತವೆ. ರಾತ್ರಿಯಿಡೀ ಸಾಲ್ವರ್ ಓಡಿಸುವ ಕಚೇರಿಯಾಗಿದ್ದರೆ ನಾನು ಅದನ್ನೇ ತೆಗೆದುಕೊಳ್ಳುತ್ತಿದ್ದೆ.

ಫೈಲುಗಳನ್ನು ಇಡುವ ಎಸ್‌ಎಸ್‌ಡಿಯ ವಿಷಯದಲ್ಲಿ ಒಂದು ತಪ್ಪು ಎಣಿಕೆ ಮಾಡಿದ್ದೆ. ಸೆಕೆಂಡಿಗೆ 7000 ಎಂಬಿ ಓದುವ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಹಾಕಿದರೆ ದೊಡ್ಡ ಅಸೆಂಬ್ಲಿ ಕ್ಷಣದಲ್ಲಿ ತೆರೆಯುತ್ತದೆಂದು ನಂಬಿದ್ದೆ. ಆದರೆ ನಮ್ಮ ಫೈಲುಗಳಿದ್ದದ್ದು ಕಚೇರಿಯ ಸರ್ವರಿನಲ್ಲಿ, ನಡುವೆ ಇದ್ದದ್ದು ಒಂದು ಗಿಗಾಬಿಟ್ ನೆಟ್‌ವರ್ಕ್. ಅದರಲ್ಲಿ ಸೆಕೆಂಡಿಗೆ 125 ಎಂಬಿಗಿಂತ ಹೆಚ್ಚು ಹರಿಯಲಾರದು. ಈಗ ನಡೆಯುತ್ತಿರುವ ಪ್ರಾಜೆಕ್ಟಿನ ಫೈಲುಗಳು ಮಾತ್ರ ಯಂತ್ರದಲ್ಲೇ ಇದ್ದು, ಸಂಜೆ ಸರ್ವರಿಗೆ ನಕಲಾಗುವ ಏರ್ಪಾಡು ಮಾಡಿದ ಮೇಲೆಯೇ ಕೊಟ್ಟ ಹಣಕ್ಕೆ ಫಲ ಕಂಡಿತು.

ವಿದ್ಯುತ್ತಿನ ಬಗ್ಗೆ ಉದಾಸೀನ ಮಾಡದಿರಿ ಎಂದು ನಮ್ಮಂಥ ಕೈಗಾರಿಕಾ ಪ್ರದೇಶದವರಿಗೆ ಒತ್ತಿ ಹೇಳುತ್ತೇನೆ. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಶುರುವಾದರೆ ನಮ್ಮ ದೀಪ ಮಂಕಾಗುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ನೋಡಿದಾಗ ಒಂಬತ್ತು ವೋಲ್ಟ್ ತೋರಿಸಿತು. ಅರ್ತಿಂಗ್ ಗುಂಡಿಯನ್ನು ಹೊಸದಾಗಿ ಮಾಡಿಸಿದ ನಂತರ ಎರಡಕ್ಕಿಂತ ಕೆಳಗಿಳಿಯಿತು. ಪೂರ್ಣ ಬಳಕೆಯಲ್ಲೂ ಯಂತ್ರ 250 ವ್ಯಾಟ್ ದಾಟದಿದ್ದರಿಂದ 550 ವ್ಯಾಟಿನ ಗೋಲ್ಡ್ ದಕ್ಷತಾ ದರ್ಜೆಯ ಪವರ್ ಸಪ್ಲೈ ಸಾಕೆನಿಸಿತು. ಅದಕ್ಕೆ ಶುದ್ಧ ಸೈನ್ ವೇವ್ ಕೊಡುವ ಒಂದು ಕೆವಿಎ ಆನ್‌ಲೈನ್ ಯುಪಿಎಸ್ ಜೋಡಿಸಿದೆ, ಏಕೆಂದರೆ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಪವರ್ ಸಪ್ಲೈಗಳು ಅಗ್ಗದ ಯುಪಿಎಸ್‌ಗಳ ಮೆಟ್ಟಿಲಾಕಾರದ ಅಲೆಗೆ ಕೆಲವೊಮ್ಮೆ ಆರಿಹೋಗುತ್ತವೆ. ಕ್ಯಾಬಿನೆಟ್ ಫಿಲ್ಟರ್ ಇರುವುದಾಗಿರಲಿ, ಒಳಗೆ ಗಾಳಿ ಎಳೆಯುವ ಫ್ಯಾನ್ ಎರಡು, ಹೊರಹಾಕುವುದು ಒಂದು ಇರಲಿ. ಎರಕದ ಕಬ್ಬಿಣದ ಪುಡಿ ವಿದ್ಯುತ್ ಹರಿಸುವುದರಿಂದ ಅದು ಒಳಗೆ ಸೇರಿದರೆ ಶಾರ್ಟ್ ಆಗಬಹುದು.

ಎಸ್.ಪಿ. ರಸ್ತೆಯಲ್ಲಿ ಎಲ್ಲವನ್ನೂ ಕೊಂಡು, ಸೀರಿಯಲ್ ನಂಬರುಗಳನ್ನೂ ನಮ್ಮ ಜಿಎಸ್‌ಟಿ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಂಡೆ. ಯುಪಿಎಸ್ ಬಿಟ್ಟು ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ಶನಿವಾರ ಸಂಜೆ ಜೋಡಿಸಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿದರೂ ಪರದೆ ಬೆಳಗಲಿಲ್ಲ. ಬಿ650 ಮದರ್‌ಬೋರ್ಡು ಪ್ರೊಸೆಸರಿಗಿಂತ ಹಳೆಯದು, ಯಂತ್ರವನ್ನು ಚಾಲೂ ಮಾಡುವ ಅದರ ಮೂಲ ತಂತ್ರಾಂಶವಾದ ಬಯೋಸ್‌ಗೆ ಹೊಸ ಪ್ರೊಸೆಸರಿನ ಪರಿಚಯವೇ ಇರಲಿಲ್ಲ. ಪೆನ್‌ಡ್ರೈವಿನಿಂದಲೇ ಬಯೋಸ್ ಬದಲಿಸುವ ಗುಂಡಿ ಬೋರ್ಡಿನ ಹಿಂದೆ ಇತ್ತಾದ್ದರಿಂದ ಉಳಿದುಕೊಂಡೆ. ಆ ಗುಂಡಿ ಇಲ್ಲದ ಬೋರ್ಡನ್ನು ಇನ್ನು ಕೊಳ್ಳುವುದಿಲ್ಲ. ಆಮೇಲೂ ನಾಲ್ಕೈದು ನಿಮಿಷ ಪರದೆ ಕಪ್ಪಾಗಿಯೇ ಇತ್ತು. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಬೋರ್ಡುಗಳು ಮೊದಲ ಬಾರಿ ಮೆಮೊರಿಯನ್ನು ಹೊಂದಿಸಿಕೊಳ್ಳಲು ಇಷ್ಟು ಹೊತ್ತು ಬೇಕೆಂದು ಓದಿರದಿದ್ದರೆ ಎಲ್ಲವನ್ನೂ ಮತ್ತೆ ಬಿಚ್ಚುತ್ತಿದ್ದೆ.

ಹಳೆಯ ಯಂತ್ರದಲ್ಲಿ 94 ಸೆಕೆಂಡ್ ತೆಗೆದುಕೊಂಡಿದ್ದ ಅದೇ ಅಸೆಂಬ್ಲಿಯ ರೀಬಿಲ್ಡ್ ಈಗ 39 ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರಲ್ಲಿಯೂ ಒಂದಿಷ್ಟು ನಮ್ಮದೇ ಭಾರವಿತ್ತು: ಯಾವ ಹೆಜ್ಜೆಗೆ ಎಷ್ಟು ಹೊತ್ತು ಎಂದು ತೋರಿಸುವ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಶನ್ ತೆರೆದು ನೋಡಿದಾಗ ಬೋಲ್ಟುಗಳಲ್ಲಿ ನಿಜವಾದ ಹೆಲಿಕಲ್ ಥ್ರೆಡ್ (ತಿರುಪಿನ ಸುರುಳಿ) ಕೊರೆದಿದ್ದೇ ಹೆಚ್ಚು ಸಮಯ ತಿನ್ನುತ್ತಿತ್ತು. ಅವನ್ನು ಗುರುತಿಗಷ್ಟೇ ತೋರಿಸುವ ಕಾಸ್ಮೆಟಿಕ್ ಥ್ರೆಡ್‌ಗೆ ಬದಲಿಸಿದ ಮೇಲೆ 22 ಸೆಕೆಂಡಿಗೆ ಇಳಿಯಿತು. ಕೆಲವು ತಿಂಗಳ ನಂತರ ಸಹೋದ್ಯೋಗಿಗೆ ಎರಡನೆಯ ಯಂತ್ರ ಜೋಡಿಸುವಾಗ, ಅವರು ಅನಾಲಿಸಿಸ್ ಮಾಡುವುದಿಲ್ಲವೆಂದು ಮೆಮೊರಿಯನ್ನು 32 ಜಿಬಿಗೂ ಕಾರ್ಡನ್ನು ಇನ್ನೂ ಚಿಕ್ಕದಕ್ಕೂ ಇಳಿಸಿದೆ. ಪ್ರೊಸೆಸರನ್ನು ಮಾತ್ರ ಇಳಿಸಲಿಲ್ಲ.