ಕ್ಯಾಸೆಟ್ಟಿನ ಹಾಡನ್ನು ಡಿಜಿಟಲ್‌ಗೆ ಇಳಿಸುವಾಗ ದನಿ ಮಂಕಾಗದಂತೆ ನೋಡಿಕೊಳ್ಳುವುದು

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಹಾಡು ಕಂಬಳಿ ಹೊದ್ದು ಹಾಡಿದಂತೆ ಕೇಳಿಸಿದರೆ ಎಲ್ಲರೂ ಮೊದಲು ದೂರುವುದು ಡಿಜಿಟಲ್ ಅನ್ನು. ತಪ್ಪು ಅಲ್ಲಿರುವುದು ಅಪರೂಪ. 44.1 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ, ಅಂದರೆ ಅಲೆಯನ್ನು ಸೆಕೆಂಡಿಗೆ 44,100 ಬಿಂದುಗಳಲ್ಲಿ ಅಳೆದಿಟ್ಟಾಗ, ಸುಮಾರು 22 ಕಿಲೋಹರ್ಟ್ಸ್‌ವರೆಗಿನ ನಾದ ಸಿಗುತ್ತದೆ. ನಮ್ಮ ಕಿವಿಯ ಮಿತಿ 20. ಮನೆಯಲ್ಲಿ ರೆಕಾರ್ಡ್ ಮಾಡಿದ ಸಾಧಾರಣ ಕ್ಯಾಸೆಟ್ಟಿನಲ್ಲಿ 15ರ ಆಚೆಗೆ ಹೆಚ್ಚೇನೂ ಉಳಿದಿರುವುದಿಲ್ಲ. ಡಿಜಿಟಲ್ ಅಲೆ ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಮತ್ತೆ ದನಿಯಾಗಿಸುವಾಗ ಫಿಲ್ಟರ್ ಆ ಬಿಂದುಗಳಿಂದ ನಯವಾದ ಅಲೆಯನ್ನೇ ಕಟ್ಟಿಕೊಡುತ್ತದೆ. ದನಿ ಸೋರಿಹೋಗುವುದು ಟೇಪು ತನ್ನನ್ನು ಓದುವ ಹೆಡ್ಡಿಗೆ ಒರಸಿಕೊಂಡು ಓಡುವ ಜಾಗದಲ್ಲಿ. ಅಲ್ಲಿ ಕಳೆದದ್ದನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಆದ್ದರಿಂದ ನಿಮ್ಮ ಸಮಯದ ಮುಕ್ಕಾಲು ಪಾಲನ್ನು ಕ್ಯಾಸೆಟ್ ನುಡಿಸುವ ಯಂತ್ರಕ್ಕೆ, ಅಂದರೆ ಡೆಕ್ಕಿಗೇ ಕೊಡಿ.

ಮೊದಲು ಶುಚಿ

ಡೆಕ್ ಆಫ್ ಮಾಡಿ, ಮುಚ್ಚಳ ತೆಗೆದು, 90 ಶೇಕಡಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ಡುಗಳನ್ನೂ ಕ್ಯಾಪ್‌ಸ್ಟನ್ ಎಂಬ ತೆಳು ಲೋಹದ ಕಡ್ಡಿಯನ್ನೂ ಒರಸಿ. ಹತ್ತಿಗೆ ಕಂದು ಬಣ್ಣ ಹತ್ತುತ್ತದೆ, ಅದು ಟೇಪಿನಿಂದ ಉದುರಿದ ಆಕ್ಸೈಡ್. ಹತ್ತಿ ಬೆಳ್ಳಗೇ ಉಳಿಯುವವರೆಗೆ ಕಡ್ಡಿ ಬದಲಿಸುತ್ತಾ ಹೋಗಿ. ಪಕ್ಕದ ರಬ್ಬರ್ ಚಕ್ರಕ್ಕೆ, ಅಂದರೆ ಪಿಂಚ್ ರೋಲರಿಗೆ, ಆಲ್ಕೋಹಾಲ್ ಬೇಡ. ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಒಂದು ಹನಿ ಸೋಪು ಬೆರೆಸಿದ ನೀರು ಸಾಕು. ಈ ಚಕ್ರ ಹೊಳಪೇರಿ ಜಾರತೊಡಗಿದರೆ ಟೇಪು ಅದಕ್ಕೇ ಸುತ್ತಿಕೊಂಡು ಹರಿಯುತ್ತದೆ, ಅಂಥದ್ದನ್ನು ಬದಲಿಸುವುದೇ ಸರಿ. ಎಲ್ಲ ಒಣಗಲು ಹತ್ತು ನಿಮಿಷ ಬಿಡಿ.

ಇನ್ನು ಕ್ಯಾಸೆಟ್. ಬಹುಕಾಲ ಮುಟ್ಟದೆ ಇಟ್ಟದ್ದನ್ನು ನೇರವಾಗಿ ಪ್ಲೇ ಮಾಡಬೇಡಿ. ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಅಂಟಿಕೊಂಡ ಸುತ್ತುಗಳು ಸಡಿಲವಾಗುತ್ತವೆ. ಅದಕ್ಕೂ ಮೊದಲು ಕ್ಯಾಸೆಟ್ಟಿನ ಕೆಳ ಅಂಚಿನ ನಡು ಕಿಂಡಿಯಲ್ಲಿ ಇಣುಕಿ: ಪುಟ್ಟ ಲೋಹದ ಪಟ್ಟಿಯ ಮೇಲೆ ಫೆಲ್ಟಿನ ತುಂಡೊಂದು ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯ ಗೋಂದು ಒಣಗಿ ಅದು ಬಿದ್ದುಹೋಗಿದ್ದರೆ ಟ್ರೆಬಲ್, ಅಂದರೆ ದನಿಯ ಚುರುಕಾದ ಮೇಲಿನ ಭಾಗ, ಮಾಯವಾಗುತ್ತದೆ, ದನಿ ಬಂದು ಬಂದು ಹೋಗುತ್ತದೆ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪು ಬಿಚ್ಚಿ, ಟೇಪಿನ ಎರಡೂ ಉರುಳೆಗಳನ್ನು ಅದರೊಳಗೆ ಕೂರಿಸಿದರೆ ಸರಿಹೋಗುತ್ತದೆ. ಎರಡೂ ಬದಿ ಸೇರಿ 120 ನಿಮಿಷ ಓಡುವ ಸಿ-120 ಇದ್ದರೆ ಇದೆಲ್ಲವನ್ನೂ ಇನ್ನಷ್ಟು ಮೆಲ್ಲಗೆ ಮಾಡಿ: ಸಿ-60ರ ಟೇಪು ಸುಮಾರು 18 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪವಿದ್ದರೆ ಇದು 9 ಮೈಕ್ರಾನ್ ಮಾತ್ರ, ಎಳೆದರೆ ಹಿಗ್ಗುತ್ತದೆ.

ಹೆಡ್ಡಿನ ಓರೆ

ಬಹಳಷ್ಟು ಜನ ಬಿಟ್ಟುಬಿಡುವ ಹೆಜ್ಜೆ ಇದು, ದನಿಯ ಹೆಚ್ಚಿನ ಪಾಲು ನಿಂತಿರುವುದೂ ಇದರ ಮೇಲೆಯೇ. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಹಾಗಾದರೆ 10 ಕಿಲೋಹರ್ಟ್ಸ್‌ನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಉದ್ದ 4.76 ಮೈಕ್ರಾನ್, ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಅಲ್ಲ. ಇಷ್ಟು ಸಣ್ಣದನ್ನು ಓದುವ ಹೆಡ್ಡಿನ ಸೀಳು ಕೂದಲೆಳೆಯಷ್ಟು ಓರೆಯಾದರೂ ಅಲೆಯ ಏರು ಇಳಿವು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಈ ಓರೆಗೆ ಅಜಿಮತ್ ಎನ್ನುತ್ತಾರೆ. ರೆಕಾರ್ಡ್ ಮಾಡಿದ ಯಂತ್ರದ ಓರೆಯೂ ನಿಮ್ಮ ಡೆಕ್ಕಿನ ಓರೆಯೂ ಒಂದೇ ಆಗಿರುವುದು ವಿರಳ, ಹಾಗಾಗಿ ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ತಿದ್ದಬೇಕು.

ಹೆಡ್ಡಿನ ಎಡಬಲಕ್ಕೆ ಎರಡು ಸ್ಕ್ರೂಗಳಿರುತ್ತವೆ. ಸಾಮಾನ್ಯವಾಗಿ ಕೆಳಗೆ ಸ್ಪ್ರಿಂಗ್ ಇರುವುದೇ ಅಜಿಮತ್ ಸ್ಕ್ರೂ, ಇನ್ನೊಂದನ್ನು ಮುಟ್ಟಬೇಡಿ. ಅಜಿಮತ್ ಸ್ಕ್ರೂವಿನ ಈಗಿನ ಸ್ಥಾನಕ್ಕೆ ಮಾರ್ಕರಿನಿಂದ ಗುರುತು ಹಾಕಿ. ಡೆಕ್ಕನ್ನು ಕಂಪ್ಯೂಟರಿಗೆ ಜೋಡಿಸಿ (ಹೇಗೆಂದು ಕೆಳಗಿದೆ), ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಎಡಬಲ ಎರಡನ್ನೂ ಬೆರೆಸಿ ಮೊನೊ ಮಾಡಿ. ಕಾಂತತ್ವವಿಲ್ಲದ ಸಣ್ಣ ಸ್ಕ್ರೂಡ್ರೈವರಿನಿಂದ, ಟೇಪು ಓಡುತ್ತಿರುವಾಗಲೇ, ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿ, ನಿಂತು ಕೇಳಿ. ಗಾಯನದಲ್ಲಿ ಸ, ಶ, ಚ ಅಕ್ಷರಗಳ ಮೇಲೆ ಕಿವಿಯಿಡಿ. ಒಂದು ಜಾಗದಲ್ಲಿ ಪರದೆ ಸರಿದಂತೆ ಅವು ಚುರುಕಾಗುತ್ತವೆ; ಅದನ್ನು ದಾಟಿ ಮತ್ತೆ ಮಂಕಾಗುವವರೆಗೂ ಹೋಗಿ, ಬಳಿಕ ಹಿಂದಿರುಗಿ ನಡುವೆ ನಿಲ್ಲಿಸಿ. ಮೊನೊ ಏಕೆಂದರೆ, ಎಡಬಲಗಳ ನಡುವೆ ಚೂರು ಹೊತ್ತಿನ ಅಂತರವಿದ್ದರೂ ಬೆರೆಸಿದಾಗ ಟ್ರೆಬಲ್ ಅಳಿಯುತ್ತದೆ, ತಪ್ಪು ಎದ್ದು ಕೇಳಿಸುತ್ತದೆ.

ಟೇಪಿನ ಹಿನ್ನೆಲೆ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಒತ್ತುವುದು ಇದಾದ ಮೇಲೆಯೇ, ಅದೂ ಕ್ಯಾಸೆಟ್ ಡಾಲ್ಬಿಯಲ್ಲಿ ರೆಕಾರ್ಡ್ ಆಗಿದ್ದರೆ ಮಾತ್ರ. ಡಾಲ್ಬಿ ಬಿ ಟೇಪಿನ ಸುಯ್ಯೆನ್ನುವ ಸದ್ದನ್ನು ಸುಮಾರು 10 ಡೆಸಿಬೆಲ್ ತಗ್ಗಿಸುತ್ತದೆ. ಆದರೆ ಟ್ರೆಬಲ್ ಮೊದಲೇ ಕುಗ್ಗಿದ್ದರೆ ಅದನ್ನು ಮೆಲುದನಿಯೆಂದು ಎಣಿಸಿ ಇನ್ನಷ್ಟು ಒತ್ತಿಬಿಡುತ್ತದೆ. ಟೇಪಿನ ಬಗೆಯ ಸ್ವಿಚ್ಚೂ ಸರಿಯಿರಲಿ: ಟ್ರೆಬಲ್ ಹೊಂದಿಸುವ ಆ ಸ್ವಿಚ್ಚಿನಲ್ಲಿ ಸಾಧಾರಣ ಫೆರಿಕ್ ಟೇಪಿಗೆ 120 ಮೈಕ್ರೊಸೆಕೆಂಡ್, ಕ್ರೋಮ್‌ಗೆ 70.

ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ. ಸುಮಾರು 6 ಶೇಕಡ ವ್ಯತ್ಯಾಸವೆಂದರೆ ಪೂರಾ ಅರ್ಧ ಸ್ವರ. 3150 ಹರ್ಟ್ಸ್‌ನ ಟೆಸ್ಟ್ ಟೇಪು ಹಾಕಿದಾಗ 3180 ತೋರಿಸಿದರೆ ಡೆಕ್ ಹೆಚ್ಚುಕಡಿಮೆ 1 ಶೇಕಡ ಜೋರಾಗಿ ಓಡುತ್ತಿದೆ. ಎಷ್ಟೋ ಮೋಟರುಗಳ ಹಿಂಬದಿಯ ಪುಟ್ಟ ರಂಧ್ರದೊಳಗೆ ಇದನ್ನು ತಿದ್ದುವ ಸ್ಕ್ರೂ ಇರುತ್ತದೆ. ದನಿ ತೇಲಾಡಿದರೆ ಮಾತ್ರ ಕಾರಣ ಬೇರೆ, ಬಹುಪಾಲು ಸಡಿಲಗೊಂಡ ಬೆಲ್ಟ್.

ಕಂಪ್ಯೂಟರಿನ ಕಡೆ

ಡೆಕ್ಕಿನ ಲೈನ್ ಔಟ್‌ನಿಂದ ಆಡಿಯೊ ಇಂಟರ್‌ಫೇಸಿನ, ಅಂದರೆ ದನಿಯನ್ನು ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಯ, ಲೈನ್ ಇನ್‌ಗೆ ತಂತಿ ಜೋಡಿಸಿ. ಲ್ಯಾಪ್‌ಟಾಪಿನ ಮೈಕ್ ತೂತು ಈ ಕೆಲಸಕ್ಕಲ್ಲ: ಸಾಮಾನ್ಯವಾಗಿ ಅದು ಮೊನೊ, ಮೇಲಾಗಿ ಲೈನ್ ಮಟ್ಟದ ಸಿಗ್ನಲ್ಲಿಗೆ ಅಲ್ಲಿ ದನಿ ಒಡೆಯುತ್ತದೆ. ಆಪರೇಟಿಂಗ್ ಸಿಸ್ಟಂನ ದನಿ ಸುಧಾರಣೆಯ ಆಯ್ಕೆಗಳನ್ನೂ ತಾನೇ ಏರಿಳಿಸುವ ಗೇನ್ (ಒಳಬರುವ ದನಿಯ ಮಟ್ಟ) ಅನ್ನೂ ಆಫ್ ಮಾಡಿ. ಗುಂಯ್ ಎನ್ನುವ ಸದ್ದು ಬಂದರೆ ಡೆಕ್ಕನ್ನೂ ಕಂಪ್ಯೂಟರನ್ನೂ ಒಂದೇ ಪ್ಲಗ್ ಪಟ್ಟಿಗೆ ಹಾಕಿ, ಇಲ್ಲವೇ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ.

24 ಬಿಟ್, 48 ಕಿಲೋಹರ್ಟ್ಸ್ ಇಡಿ. ನಿಮಿಷಕ್ಕೆ ಸುಮಾರು 17 ಎಂಬಿ, ಸಿ-90ರ ಎರಡೂ ಬದಿಗೆ ಒಂದೂವರೆ ಜಿಬಿಯಷ್ಟಾಗುತ್ತದೆ. 16 ಬಿಟ್‌ನ 96 ಡೆಸಿಬೆಲ್ ಹರವು ಕ್ಯಾಸೆಟ್ಟಿಗೆ ಧಾರಾಳವಾಗಿ ಸಾಕು. 24 ಇಡುವುದು ದನಿ ಸುಧಾರಿಸಲೆಂದಲ್ಲ, ಮಟ್ಟವನ್ನು ನಿಶ್ಚಿಂತೆಯಿಂದ ತಗ್ಗಿಸಿಟ್ಟುಕೊಳ್ಳಲು. ಡೆಕ್ಕಿನ ಮೀಟರಿನ 0 ದಾಟಿದರೆ ಟೇಪು ಮೆಲ್ಲಗೆ ತುಂಬಿಕೊಂಡು ಅಲೆಯ ತುದಿಯನ್ನು ದುಂಡಗೆ ಮಾಡುತ್ತದೆ, ಕಿವಿ ಅದನ್ನು ಸಹಿಸುತ್ತದೆ. ಡಿಜಿಟಲ್‌ನ 0 ಹಾಗಲ್ಲ. ಅಲ್ಲಿ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಎರಡೂ ಸೊನ್ನೆ ಒಂದೇ ಎಂದುಕೊಂಡು ಕೆಟ್ಟ ರೆಕಾರ್ಡಿಂಗ್‌ಗಳಿಗೆ ಲೆಕ್ಕವಿಲ್ಲ. ಕ್ಯಾಸೆಟ್ಟಿನ ಅತಿ ಜೋರಾದ ಭಾಗ ಹುಡುಕಿ, ಅದು -6 ಡೆಸಿಬೆಲ್ ದಾಟದಂತೆ ಗೇನ್ ಇಟ್ಟು, ಆಮೇಲೆ ಕೈ ಹಚ್ಚಬೇಡಿ.

ಹಿನ್ನೆಲೆ ಸದ್ದು ತೆಗೆಯಲೇಬೇಕೆಂದರೆ 6 ಡೆಸಿಬೆಲ್‌ಗೆ ನಿಲ್ಲಿಸಿ. ಹಾಡು ಶುರುವಾಗುವ ಮುಂಚಿನ ಒಂದೆರಡು ಸೆಕೆಂಡಿನ ಬರೀ ಟೇಪು ಸದ್ದನ್ನು ಮಾದರಿಯಾಗಿ ಕೊಡಿ, ಟೇಪು ಹತ್ತುವ ಮೊದಲಿನ ಪೂರ್ತಿ ಮೌನವನ್ನಲ್ಲ. ಹೆಚ್ಚು ಎಳೆದರೆ ಸ್ವರದ ಬಾಲದಲ್ಲಿ ನೀರಿನ ಗುಳ್ಳೆಯಂಥ ಗುಳುಗುಳು ಸೇರಿಕೊಳ್ಳುತ್ತದೆ. ಸುಯ್ಯೆನ್ನುವ ಸದ್ದನ್ನು ಕಿವಿ ನಿಮಿಷದೊಳಗೆ ಮರೆಯುತ್ತದೆ, ಈ ಗುಳುಗುಳುವನ್ನು ಮರೆಯುವುದಿಲ್ಲ.

ಯಾವ ತಿದ್ದುಪಡಿಯನ್ನೂ ಮಾಡದ ಮೂಲ ಪ್ರತಿಯನ್ನು ದನಿಯೇನೂ ಕಳೆಯದ ಫ್ಲ್ಯಾಕ್ ಕಡತವಾಗಿ ಉಳಿಸಿ, ಎರಡು ಬೇರೆ ಡಿಸ್ಕುಗಳಲ್ಲಿ ಇಡಿ. ಎಂಪಿ3 ಫೋನಿಗೆ ಮಾತ್ರ. ಕಡತದ ಹೆಸರಿನಲ್ಲೇ ಕ್ಯಾಸೆಟ್ಟಿನ ಬದಿ, ಟೇಪಿನ ಬಗೆ, ಡಾಲ್ಬಿ ಇತ್ತೋ ಇಲ್ಲವೋ ಬರೆದಿಡಿ. ಎಲ್ಲ ಮುಗಿದ ಮೇಲೆ ಅಜಿಮತ್ ಸ್ಕ್ರೂವನ್ನು ಹಳೆಯ ಗುರುತಿಗೆ ತಂದು ನಿಲ್ಲಿಸಿ.