ಟಿವಿ ಮುಂದೆ ಕೂತು ಸ್ಕೋರ್‌ಶೀಟ್ ಕಲಿತದ್ದು

ಬಾಸ್ಕೆಟ್‌ಬಾಲ್ ಸ್ಕೋರ್‌ಶೀಟ್ ಬರೆಯೋದನ್ನು ನಾನು ಕಲಿತದ್ದು ಕೋರ್ಟಿನ ಪಕ್ಕದಲ್ಲಿ ಅಲ್ಲ, ಮುಂಬೈ ಮಾಟುಂಗಾದ ನಮ್ಮ ಮನೆಯಲ್ಲಿ, 2023ರ ಬಾಸ್ಕೆಟ್‌ಬಾಲ್ ವಿಶ್ವಕಪ್ ನೋಡ್ತಾ. ನಮ್ಮ ಕಡೆ ಮಕ್ಕಳ ಟೂರ್ನಮೆಂಟುಗಳಿಗೆ ಕೊರತೆಯಿಲ್ಲ. ಆಡುವವರು ಇದ್ದಾರೆ, ಹೊರಗೆ ನಿಂತು ಕೂಗುವವರಂತೂ ಜಾಸ್ತಿಯೇ ಇದ್ದಾರೆ. ಟೇಬಲ್ ಹಿಂದೆ ಕೂತು ಲೆಕ್ಕ ಬರೆಯುವವರು ಮಾತ್ರ ಸಿಗೋದಿಲ್ಲ. ನಾನು ಕಾಲೇಜಿನಲ್ಲಿ ಆಡಿದವನು, ಈಗ ಫೋರ್ಟ್‌ನಲ್ಲಿ ಲೆಕ್ಕಪತ್ರದ ಕೆಲಸ. "ಸರ್, ನೀವೇ ಕೂತ್ಕೊಳ್ಳಿ, ನಿಮಗೆ ಲೆಕ್ಕ ಬರತ್ತಲ್ಲ" ಅಂದರು. ಅಂಕಿ ಕೂಡೋದು ಇದರಲ್ಲಿ ತೀರಾ ಸಣ್ಣ ಕೆಲಸ ಅಂತ ಹೇಳಿದವರಿಗೂ ಗೊತ್ತಿರಲಿಲ್ಲ.

ಕಲಿಯೋಕೆ ದೇಶ ದೇಶಗಳ ನಡುವಿನ ಪಂದ್ಯಗಳೇ ಯಾಕೆ ಬೇಕು? 2019ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ವರ್ಲಿಯ ಡೋಮ್‌ಗೆ ಬಂದು ಆಡಿ ಹೋದ ಮೇಲೆ ಇಲ್ಲಿನ ಮಕ್ಕಳ ಬಾಯಲ್ಲಿ ಎನ್‌ಬಿಎ ನಿಯಮಗಳೇ. ಆರು ಫೌಲ್ (ನಿಯಮ ಮೀರಿದ ತಪ್ಪು) ಆಗೋವರೆಗೂ ಆಡಬಹುದು ಅಂತ ವಾದ ಮಾಡ್ತಾರೆ. ಆದರೆ ನಮ್ಮಲ್ಲಿ ನಡೆಯೋದು ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮ. ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ, ಹತ್ತು ನಿಮಿಷದ್ದು, ಹನ್ನೆರಡರದ್ದಲ್ಲ. ಐದು ಫೌಲ್ ಆದರೆ ಆಟಗಾರ ಹೊರಗೆ. ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ವಿಶ್ವಕಪ್ ಆಡುವವರಿಗೂ ನಮ್ಮ ಓಣಿಯ ಮಕ್ಕಳಿಗೂ ಒಂದೇ ನಿಯಮ, ಒಂದೇ ಶೀಟ್. ಭಾರತದ ಗಂಡಸರ ತಂಡ ಆ ವಿಶ್ವಕಪ್ಪಿಗೆ ಇವತ್ತಿನವರೆಗೂ ಹೋಗಿಲ್ಲ, ಅದು ಬೇರೆ ಸಂಕಟ. ಶೀಟ್ ಕಲಿಯೋಕೆ ಅದೇನೂ ಅಡ್ಡಿಯಾಗಲಿಲ್ಲ.

ಸಮಯವೂ ಹೊಂದಿಕೊಂಡಿತು. ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರು, ಮುಂಬೈ ಮಳೆ. ಬಯಲು ಕೋರ್ಟುಗಳಲ್ಲಿ ನೀರು. ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿನ ರಾತ್ರಿ ಪಂದ್ಯ ನಮಗೆ ಸಂಜೆಗೇ ಸಿಗುತ್ತಿತ್ತು. ಖಾಲಿ ಶೀಟ್‌ಗಳನ್ನು ಜೆರಾಕ್ಸ್ ಮಾಡಿಸಿದೆ. ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು. ಟಿವಿಯ ಧ್ವನಿ ಬಂದ್. ಕಾಮೆಂಟರಿಯವರು ಹೇಳೋದು ಹೆಸರು, ಶೀಟಿಗೆ ಬೇಕಾದದ್ದು ನಂಬರ್. ಎರಡೂ ಕಿವಿಗೆ ಬಿದ್ದರೆ ಕೈ ನಿಂತುಬಿಡುತ್ತದೆ. ಎರಡೂ ತಂಡಗಳ ಹನ್ನೆರಡು ಹನ್ನೆರಡು ಹೆಸರನ್ನು ನಂಬರ್ ಸಮೇತ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಆಟ ಶುರುವಾದ ಮೇಲೆ ವಿಡಿಯೊ ನಿಲ್ಲಿಸಬಾರದು, ಅದೊಂದೇ ಕಟ್ಟುನಿಟ್ಟು. ಕೋರ್ಟಿನಲ್ಲಿ ನಮಗಾಗಿ ಯಾರು ನಿಲ್ಲಿಸ್ತಾರೆ?

ಶೀಟಿನ ಬಲಗಡೆ 1ರಿಂದ 160ರವರೆಗೆ ಅಂಕಿ ಅಚ್ಚಾಗಿರುತ್ತದೆ. ಚೆಂಡು ಬುಟ್ಟಿಗೆ ಬಿದ್ದರೆ ಹೊಸ ಮೊತ್ತದ ಮೇಲೆ ಒಂದು ಓರೆ ಗೆರೆ, ಪಕ್ಕದಲ್ಲಿ ಹಾಕಿದವನ ನಂಬರ್. ಮೂರು ಪಾಯಿಂಟಿನದ್ದಾದರೆ ಆ ನಂಬರಿಗೆ ಸುತ್ತ ಒಂದು ಸೊನ್ನೆ. ಫ್ರೀ ಥ್ರೋ (ಯಾರೂ ಅಡ್ಡ ಬರದೆ ಎಸೆಯುವ, ಒಂದು ಪಾಯಿಂಟಿನ ಎಸೆತ) ಆದರೆ ತುಂಬಿದ ಚುಕ್ಕೆ. ಒಂದು, ಮೂರನೇ ಕ್ವಾರ್ಟರ್ ಕೆಂಪಿನಲ್ಲಿ, ಎರಡು, ನಾಲ್ಕನೆಯದು ನೀಲಿಯಲ್ಲಿ. ಓವರ್‌ಟೈಮ್, ಅಂದರೆ ಸಮ ಆದಾಗ ಆಡಿಸೋ ಹೆಚ್ಚುವರಿ ಆಟ, ನಾಲ್ಕನೆಯದರ ಮುಂದುವರಿಕೆ, ಅದೂ ನೀಲಿ. ಇಷ್ಟು ಒಂದೇ ಸಂಜೆಯಲ್ಲಿ ಕೈಗೆ ಹತ್ತುತ್ತದೆ.

ತಲೆ ತಿನ್ನೋದು ಟೈಮ್‌ಔಟ್ (ತಂಡ ಕೇಳಿ ಪಡೆಯೋ ಬಿಡುವು) ಮತ್ತು ಫೌಲ್. ಟೈಮ್‌ಔಟ್ ಚೌಕದಲ್ಲಿ ಎಷ್ಟನೇ ನಿಮಿಷ ಅಂತ ಬರೀಬೇಕು. ಗಡಿಯಾರ ಓಡೋದು ಹಿಂದಕ್ಕೆ, ನಾವು ಬರೆಯೋದು ಮುಂದಕ್ಕೆ. 4:35 ಉಳಿದಿದೆ ಅಂದರೆ ಕಳೆದದ್ದು 5:25, ಅಂದರೆ ಆರನೇ ನಿಮಿಷ. ನನ್ನ ಉಪಾಯ: ಉಳಿದ ನಿಮಿಷವನ್ನು, ಸೆಕೆಂಡ್ ಬಿಟ್ಟು, ಹತ್ತರಿಂದ ಕಳೀರಿ. ಹತ್ತರಲ್ಲಿ ನಾಲ್ಕು ಹೋದರೆ ಆರು. ಯೋಚನೆ ಮಾಡೋ ಗೋಜೇ ಇಲ್ಲ.

ಫೌಲ್ ಆದಾಗ ಆಟಗಾರನ ಹೆಸರಿನ ಮುಂದೆ ಗುರುತು ಹಾಕಬೇಕು, ತಂಡದ ಫೌಲ್ ಚೌಕವನ್ನೂ ಹೊಡೆಯಬೇಕು. ಒಂದು ಕ್ವಾರ್ಟರ್‌ನಲ್ಲಿ ನಾಲ್ಕು ಚೌಕ ತುಂಬಿದ ಮೇಲೆ ಮುಂದಿನ ಫೌಲಿಗೆ ಎದುರಾಳಿಗೆ ಎರಡು ಫ್ರೀ ಥ್ರೋ. ಇಲ್ಲಿ ಟಿವಿ ಕೈಕೊಡುತ್ತದೆ. ರೆಫ್ರಿ ಟೇಬಲ್ ಕಡೆ ತಿರುಗಿ ಬೆರಳಲ್ಲಿ ನಂಬರ್ ತೋರಿಸುವ ಹೊತ್ತಿಗೇ ರಿಪ್ಲೇ ಶುರು ಮಾಡ್ತಾರೆ. ಅದಕ್ಕೇ ಪಕ್ಕದ ಮನೆ ಶೆಟ್ಟರ ಮಗಳನ್ನು ಜೊತೆಗೆ ಕೂರಿಸಿಕೊಂಡೆ. ಕಣ್ಣು ಬಲು ಚುರುಕು. "ಮಾಮಾ, ಹದಿನೇಳು, ಮೂರನೇ ಫೌಲು" ಅಂತ ಅವಳು, "ಹ್ಞೂಂ, ಹದಿನೇಳು, ಮೂರು" ಅಂತ ನಾನು. ನಿಜವಾದ ಟೇಬಲ್ಲಿನಲ್ಲೂ ಸ್ಕೋರರ್ ಮತ್ತು ಸಹಾಯಕ ಹೀಗೇ ಕೂಗಿ ತಾಳೆ ನೋಡಿಕೊಳ್ಳಬೇಕು. ನಮ್ಮ ಮನೆಯವಳಿಗೆ ತಮಾಷೆ. "ಅಲ್ರೀ, ಮ್ಯಾಚ್ ನೋಡ್ತಿದ್ದೀರೋ, ಕಿರಾಣಿ ಲೆಕ್ಕ ಬರೀತಿದ್ದೀರೋ?"

ಮೂರನೇ ಸ್ಥಾನಕ್ಕೆ ಕೆನಡಾ, ಅಮೆರಿಕ ಆಡಿದ ಪಂದ್ಯದ ಶೀಟನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನಾಲ್ಕನೇ ಕ್ವಾರ್ಟರಿನ ಕೊನೆಯ ಕೆಲವೇ ಸೆಕೆಂಡ್, ಕೆನಡಾ 111, ಅಮೆರಿಕ 107. ಅಮೆರಿಕದ ಮಿಕಲ್ ಬ್ರಿಜಸ್‌ಗೆ ಎರಡು ಫ್ರೀ ಥ್ರೋ. ಮೊದಲನೆಯದು ಹಾಕಿದ, ಎರಡನೆಯದನ್ನು ಬೇಕಂತಲೇ ತಪ್ಪಿಸಿದ. ಪುಟಿದ ಚೆಂಡನ್ನು ತಾನೇ ಹಿಡಿದು ಮೂಲೆಯಿಂದ ಮೂರು ಪಾಯಿಂಟ್ ಹೊಡೆದ. ಸಮ! ಮನೆಯಲ್ಲಿ ಎಲ್ಲರೂ ಎದ್ದು ಕುಣಿದರು. ಶೀಟಿನಲ್ಲಿ ಇರೋದು ಇಷ್ಟೇ: 108ರ ಮೇಲೆ ಚುಕ್ಕೆ, 111ರ ಮೇಲೆ ಗೆರೆ, ನಂಬರಿಗೊಂದು ಸೊನ್ನೆ. ಇಡೀ ಆಟದ ಜಾಣ ಕೆಲಸ ಆ ತಪ್ಪಿಸಿದ ಎಸೆತ, ತಪ್ಪಿದ ಫ್ರೀ ಥ್ರೋಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಕೊನೆಗೆ ಓವರ್‌ಟೈಮ್‌ನಲ್ಲಿ ಕೆನಡಾ 127-118ರಲ್ಲಿ ಗೆದ್ದಿತು.

ಕೆಲವನ್ನು ಶೀಟೇ ಚೆನ್ನಾಗಿ ಹೇಳುತ್ತದೆ. ಜರ್ಮನಿ, ಸರ್ಬಿಯಾ ಫೈನಲ್ ಅರ್ಧಕ್ಕೆ 47-47. ಬರೆಯುವಾಗ ಎರಡೂ ಕಡೆ ಒಂದೇ ವೇಗದಲ್ಲಿ ಕೈ ಓಡುತ್ತಿತ್ತು. ಮೂರನೆಯದಕ್ಕೆ ಕೆಂಪು ಪೆನ್ನು ತೆಗೆದೆ. ಜರ್ಮನಿ ಕಡೆ ಕೆಂಪು ಇಳೀತಾ ಇಳೀತಾ 69ಕ್ಕೆ ಬಂತು. ಸರ್ಬಿಯಾದ ಕೆಂಪು 57ಕ್ಕೇ ನಿಂತಿತು, ಹತ್ತೇ ಪಾಯಿಂಟ್. ಜರ್ಮನಿಯ ಡೆನಿಸ್ ಶ್ರೋಡರ್ 28 ಪಾಯಿಂಟ್ ಹಾಕಿದ, ನಿಜ. ಆದರೆ ಪಂದ್ಯ ಗೆದ್ದುಕೊಟ್ಟದ್ದು ಆ ಹತ್ತು ನಿಮಿಷದ ಡಿಫೆನ್ಸ್ ಅಂತ ನನ್ನ ಅನಿಸಿಕೆ. 83-77, ಜರ್ಮನಿಗೆ ಮೊದಲ ವಿಶ್ವಕಪ್. ಎಂಟು ಪಂದ್ಯದಲ್ಲಿ ಒಂದನ್ನೂ ಸೋಲಲಿಲ್ಲ.

ಮಳೆ ನಿಂತ ಮೇಲೆ ಶಾಲಾ ಮಕ್ಕಳ ಟೂರ್ನಮೆಂಟಿನಲ್ಲಿ ಟೇಬಲ್ಲಿಗೆ ಕೂತೆ. ಅಲ್ಲಿ ರಿಪ್ಲೇ ಇಲ್ಲ, ರೆಫ್ರಿ ಕೈ ನೇರ ಕಾಣುತ್ತದೆ. ಎಷ್ಟೋ ಸುಲಭ. ಆಟಗಾರನ ನಂಬರ್ ಹತ್ತರವರೆಗೆ ಇದ್ದರೆ ಬೆರಳು ಎಣಿಸಿದರೆ ಆಯ್ತು. ಹದಿನೈದರವರೆಗೆ ಒಂದು ಕೈ ಮುಷ್ಟಿ ಅಂದರೆ ಹತ್ತು, ಉಳಿದದ್ದಕ್ಕೆ ಇನ್ನೊಂದು ಕೈ ಬೆರಳು. ಹದಿನಾರರಿಂದ ಮೇಲೆ ಮೊದಲು ಅಂಗೈ ಹಿಂಬದಿ ತೋರಿಸಿ ಹತ್ತರ ಸ್ಥಾನ, ಆಮೇಲೆ ಅಂಗೈ ತೋರಿಸಿ ಬಿಡಿ ಸ್ಥಾನ. ಟೇಬಲ್ಲಿಗೆ ಹೊಸದಾಗಿ ಕೂರುವವರು ಇದೊಂದನ್ನು ಕನ್ನಡಿ ಮುಂದೆ ನಿಂತಾದರೂ ರೂಢಿ ಮಾಡ್ಕೊಳ್ಳಿ.

ಕಷ್ಟ ಬಂದದ್ದು ಕೋಚ್‌ಗಳಿಂದ. ಒಬ್ಬರು ಟೇಬಲ್ ತಟ್ಟಿ, "ನಮ್ಮ ಹುಡುಗನದು ನಾಲ್ಕೇ ಫೌಲು, ಐದು ಹೇಗಾಯ್ತು?" ಅಂದರು. ನಾನು ವಾದಕ್ಕೆ ಇಳಿಯಲಿಲ್ಲ. ಶೀಟ್ ತಿರುಗಿಸಿ ತೋರಿಸಿದೆ. ಮೊದಲ ಕ್ವಾರ್ಟರಿನಲ್ಲಿ ಎರಡು, ಕೆಂಪು. ಎರಡನೆಯದರಲ್ಲಿ ಒಂದು, ನೀಲಿ. ಮೂರನೆಯದರಲ್ಲಿ ಮತ್ತೆ ಕೆಂಪು ಎರಡು. ಮೊದಲ ಕ್ವಾರ್ಟರಿನದೊಂದು ಅವರಿಗೆ ಮರೆತೇಹೋಗಿತ್ತು. ಗೊಣಗುತ್ತಾ ಹುಡುಗನನ್ನು ಬದಲಿಸಿದರು. ಒಂದೇ ಬಣ್ಣದಲ್ಲಿ ಬರೆದಿದ್ದರೆ ಆ ಜಗಳ ಅರ್ಧ ಗಂಟೆ ಎಳೀತಿತ್ತು.

ಇನ್ನೊಂದು ಮಾತು. ಆಟ ಮುಗಿದ ಕೂಡಲೇ ಗೆದ್ದವರು ಫೋಟೊಗೆ ಓಡ್ತಾರೆ, ರೆಫ್ರಿಗಳು ಚಹಾ ಹುಡುಕಿಕೊಂಡು ಹೊರಡ್ತಾರೆ. ಬಿಡಬೇಡಿ. ಕೊನೆಯ ಮೊತ್ತದ ಕೆಳಗೆ ಎರಡು ದಪ್ಪ ಗೆರೆ ಎಳೆದು, ಟೇಬಲ್ಲಿನವರ ಸಹಿ ಮೊದಲು, ಮುಖ್ಯ ರೆಫ್ರಿ ಸಹಿ ಕೊನೆಗೆ ಹಾಕಿಸಿಕೊಳ್ಳಿ. ಆ ಸಹಿ ಬಿದ್ದ ಮೇಲೆ ಯಾರೇ ಬಂದು ತಕರಾರು ಮಾಡಿದರೂ ಆಯೋಜಕರ ಕಡೆ ಕಳಿಸಿ, ನೀವು ಆರಾಮಾಗಿ ಲೋಕಲ್ ಹಿಡಿಯಬಹುದು.