ಶಿಡ್ಲಘಟ್ಟದ ಪ್ಯೂಪಾ, ನಮ್ಮ ತೊಟ್ಟಿಯ ಕೋಯಿ

ನಮ್ಮ ತೋಟ ಇರುವುದು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿ. ಹಿಪ್ಪುನೇರಳೆಗೆ ಡ್ರಿಪ್ ಹಾಕಿಸುವಾಗ ಕಟ್ಟಿದ ಸಿಮೆಂಟ್ ತೊಟ್ಟಿ ಒಂದಿದೆ. 12 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳ, ಹತ್ತಿರ ಹತ್ತಿರ 10 ಸಾವಿರ ಲೀಟರ್ ನೀರು. ಹಳೇ ಬೋರ್‌ವೆಲ್ ಬತ್ತಿ ಬೇರೆ ಕಡೆ ಕೊರೆಸಿದ ಮೇಲೆ ಅದು ಸುಮ್ನೆ ಬಿದ್ದಿತ್ತು. ಮಗಳ ಹಟಕ್ಕೆ ಅದರಲ್ಲಿ 9 ಗೋಲ್ಡ್‌ಫಿಶ್, 6 ಕೋಯಿ ಬಿಟ್ಟೆ. ನಾಲ್ಕು ವರ್ಷ ಆಯಿತು.

ಮೊದಲ ಆರು ತಿಂಗಳು ಊಟದ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಕಲ್ಯಾಣಿಯ ಮೀನಿಗೆ ಹಾಕುವ ಹಾಗೆ ಅಮ್ಮ ಪುರಿ ಹಾಕುತ್ತಿದ್ದರು, ಬಂದ ನೆಂಟರು ಬ್ರೆಡ್ಡು, ಬಿಸ್ಕೆಟ್ಟು. ಮೀನು ಬಾಯಿ ತೆರೆದುಕೊಂಡು ಮೇಲೆ ಬಂದರೆ ಹಸಿದಿದೆ ಅಂತಲೇ ಎಲ್ಲರ ಲೆಕ್ಕ. ಅವು ಯಾವಾಗಲೂ ಹಾಗೇ ಬರುತ್ತವೆ. ಈ ಜಾತಿಗೆ ನಮ್ಮ ಹಾಗೆ ಜಠರವೇ ಇಲ್ಲ, ಗಂಟಲ ಹಲ್ಲಿನಲ್ಲಿ ಅರೆದದ್ದು ನೇರ ಕರುಳಿಗೆ ಹೋಗುತ್ತದೆ. ತುಂಬಿಸಿ ಇಟ್ಟುಕೊಳ್ಳಲು ಜಾಗವಿಲ್ಲದ ಕಾರಣ ದಿನವಿಡೀ ಸ್ವಲ್ಪ ಸ್ವಲ್ಪ ಹುಡುಕಿ ತಿನ್ನುವುದೇ ಅವುಗಳ ಕಸುಬು. ಒಂದೇ ಸಲ ಜಾಸ್ತಿ ಸುರಿದರೆ ಅರ್ಧಂಬರ್ಧ ಅರಗಿ ಹೊರಗೆ ಬರುತ್ತದೆ, ನೀರಿನಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಬರೀ ಪುರಿ ತಿಂದ ನಮ್ಮ ಮೀನು ಬದುಕಿದ್ದವು, ಬೆಳೆಯಲಿಲ್ಲ, ಅಷ್ಟೇ.

ಆಮೇಲೆ ನನಗೊಂದು ಭಾರಿ ಐಡಿಯಾ ಬಂತು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳ, ಅಂದರೆ ಪ್ಯೂಪಾ, ರಾಶಿ ರಾಶಿ ಸಿಗುತ್ತದೆ, ಆ ಬೀದಿಗಳ ವಾಸನೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಣಗಿದ ಪ್ಯೂಪಾದಲ್ಲಿ ಅರ್ಧದಷ್ಟು ಪ್ರೋಟೀನ್. ಜಪಾನಿನಲ್ಲಿ ಗೆಂಡೆ ಸಾಕುವವರು ಹಿಂದೆ ಇದನ್ನೇ ಹಾಕುತ್ತಿದ್ದರು ಅಂತ ಓದಿದ್ದೆ. ಕೋಯಿ ಅಂದರೂ ಬಣ್ಣದ ಗೆಂಡೆಯೇ ಅಲ್ವಾ, ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆಯದ್ದೇ ಜಾತಿ. ನೂಲು ಬಿಚ್ಚಿಸುವ ರೀಲರ್ ಒಬ್ಬರು ಗೊತ್ತಿದ್ದರು, ಅವರನ್ನು ಕೇಳಿದೆ. "ಎಷ್ಟು ಬೇಕೋ ತಗೊಂಡು ಹೋಗಿ ಅಣ್ಣಾ, ಹೇಗೂ ಕೋಳಿ ಫೀಡಿಗೇ ಹೋಗೋದು" ಅಂದರು. ಒಂದು ಗೋಣಿಚೀಲ ತಂದೆ. ತಾರಸಿಯ ಮೇಲೆ ಒಣಗಿಸಿದೆ, ಚೀಲಕ್ಕೆ ತುಂಬಿ ಶೆಡ್ಡಿನಲ್ಲಿಟ್ಟೆ, ದಿನಾ ಎರಡು ಹೊತ್ತು ಅದೇ ಊಟ.

ಮೊದಲ ತಿಂಗಳು ಮೀನು ಕಣ್ಣಿಗೆ ಕಾಣುವಂತೆ ದಪ್ಪ ಆದವು. ನಾನೂ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಏಪ್ರಿಲ್ ಹೊತ್ತಿಗೆ ಶೆಡ್ಡಿನ ಬಾಗಿಲು ತೆಗೆದರೆ ಹಳೇ ಎಣ್ಣೆಯ ಕಮಟು. ನೀರಿನ ಮೇಲೆ ಜಿಡ್ಡು. ಎರಡು ಕೋಯಿಗಳ ತಲೆ ದೊಡ್ಡದಾಗಿ, ಬೆನ್ನು ಸಣಕಲಾಗಿ ಕಾಣತೊಡಗಿತು, ತಿನ್ನುತ್ತಿದ್ದರೂ ಮೈ ಹಿಡಿಯುತ್ತಿರಲಿಲ್ಲ. ಒಂದು ಸತ್ತೇ ಹೋಯಿತು.

ಆಮೇಲೆ ಪೂರ್ತಿ ಓದಿದೆ, ಅದೇ ಜಪಾನಿನ ಕತೆಯ ಉಳಿದ ಅರ್ಧವನ್ನು. ಅಲ್ಲಿ ಕಮಟು ಹಿಡಿದ ಪ್ಯೂಪಾ ತಿಂದ ಗೆಂಡೆಗಳಿಗೆ ಬೆನ್ನಿನ ಮಾಂಸ ಕರಗುವ ರೋಗ ಬರುತ್ತಿತ್ತು, ಅದಕ್ಕೆ ಸೆಕೋಕೆ ಅನ್ನುತ್ತಾರೆ. ಪ್ಯೂಪಾದಲ್ಲಿ ಪ್ರೋಟೀನ್ ಜೊತೆಗೆ ಕಾಲು ಭಾಗ ಕೊಬ್ಬೂ ಇದೆ. ಬಿಸಿಗೆ, ಗಾಳಿಗೆ ಆ ಕೊಬ್ಬು ಕೆಡುತ್ತದೆ, ವಿಟಮಿನ್ ಇ ಸಾಕಷ್ಟು ಸಿಗದಿದ್ದರೆ ಮೀನಿಗೆ ಅದನ್ನು ತಡೆಯಲು ಆಗುವುದಿಲ್ಲ. ನನ್ನ ಮೀನನ್ನು ಯಾರೂ ಪರೀಕ್ಷೆ ಮಾಡಲಿಲ್ಲ, ಆದರೂ ಆ ಬೆನ್ನು ನೋಡಿದ ನನಗೆ ಅನುಮಾನ ಉಳಿದಿಲ್ಲ.

ಈಗ ಚೀಲದ ಮೇಲೆ ಮೀನಿನ ಚಿತ್ರ ಎಷ್ಟು ಚೆನ್ನಾಗಿದೆ ಅಂತ ನೋಡುವುದಿಲ್ಲ. ಮೊದಲು ತಯಾರಾದ ತಿಂಗಳು, ಆಮೇಲೆ ಏನೇನು ಹಾಕಿದ್ದಾರೆ ಅನ್ನುವ ಸಾಲು. ಮೀನಿನ ಪುಡಿಯೋ ಸೋಯಾವೋ ಮೊದಲಿರಬೇಕು, ತೌಡು, ಜೋಳವೇ ಮುಂದಿದ್ದರೆ ಬೇಡ. ಕಾಟ್ಲಾ, ರೋಹು ಸಾಕುವ ರೈತರಿಗೆ ಮಾರುವ ತೇಲುವ ಫೀಡ್‌ನಲ್ಲೇ ಪ್ರೋಟೀನ್ 32, ಕೊಬ್ಬು 5 ಪರ್ಸೆಂಟ್ ಇರುವುದು ಸಿಗುತ್ತದೆ, ದೊಡ್ಡ ಮೀನಿಗೆ ಅದು ಧಾರಾಳ. ತೇಲುವುದರಿಂದ ಎಷ್ಟು ಉಳಿಯಿತೆಂದೂ ಕಾಣುತ್ತದೆ. ಅಂಗಡಿಯಲ್ಲಿ ತೆರೆದ ಮೂಟೆಯಿಂದ ತೂಗಿ ಕೊಡುವುದನ್ನು ಮಾತ್ರ ತರುವುದಿಲ್ಲ. ಗಾಳಿ ಆಡಿದ ಫೀಡ್‌ನಲ್ಲಿ ವಿಟಮಿನ್ ಸಿ ಬೇಗ ಹೋಗುತ್ತದೆ, ಅದು ಸಾಲದೆ ಬಂದರೆ ಬೆಳೆಯುವ ಮರಿಗಳ ಬೆನ್ನು ಸೊಟ್ಟ ಆಗುತ್ತದೆ.

ನಮ್ಮ ಎಲ್ಲಾ ಮೀನು ಸೇರಿ 6 ಕೆಜಿ ಇರಬಹುದು. ತೂಕದ ನೂರಕ್ಕೆ ಒಂದೂವರೆಯಂತೆ ದಿನಕ್ಕೆ 90 ಗ್ರಾಂ. 20 ಕೆಜಿ ಮೂಟೆ ತಂದರೆ ಏಳು ತಿಂಗಳು ಬರುತ್ತದೆ, ಅಷ್ಟರಲ್ಲಿ ಅದರ ಕತೆ ಮುಗಿದಿರುತ್ತದೆ. ಹಾಗಾಗಿ ಕೃಷಿ ಹೊಂಡದಲ್ಲಿ ಕಾಟ್ಲಾ ಬಿಟ್ಟಿರುವ ಪಕ್ಕದ ತೋಟದವರು ಮೂಟೆ ಒಡೆದ ದಿನವೇ 4 ಕೆಜಿ ತಂದು ಸ್ಟೀಲ್ ಡಬ್ಬಕ್ಕೆ ಹಾಕಿ ಬಿಗಿಯಾಗಿ ಮುಚ್ಚಿಡುತ್ತೇನೆ. ಒಂದೂವರೆ ತಿಂಗಳಲ್ಲಿ ಖಾಲಿ.

ಬೆಳಗ್ಗೆ ಎಂಟೂವರೆಗೆ ಮುಂಚೆ ಹಾಕುವುದಿಲ್ಲ, ರಾತ್ರಿ ಕಳೆದ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರುತ್ತದೆ. ಐದು ನಿಮಿಷದಲ್ಲಿ ಮುಗಿಯದೆ ಉಳಿದದ್ದನ್ನು ಜಾಲರಿಯಲ್ಲಿ ತೆಗೆಯುತ್ತೇನೆ. ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಕಡೆಯ ಗಾಳಿಗೆ ನಮ್ಮ ತೊಟ್ಟಿ ಬೆಳಗ್ಗೆ 17, 18 ಡಿಗ್ರಿಗೆ ಇಳಿಯುತ್ತದೆ, ಆಗ ಅರಗುವುದೂ ನಿಧಾನ. ಮಧ್ಯಾಹ್ನ ಒಂದೇ ಹೊತ್ತು, ಅರ್ಧ ಊಟ. ಚಳಿ ದೇಶಗಳಲ್ಲಿ 10 ಡಿಗ್ರಿಗಿಂತ ಕೆಳಗೆ ಹೋದರೆ ಊಟವನ್ನೇ ನಿಲ್ಲಿಸುತ್ತಾರೆ, ನಮಗೆ ಆ ಪ್ರಸಂಗ ಬಂದಿಲ್ಲ.

ಸೊಪ್ಪಿನಂಥದ್ದು ಗೋಲ್ಡ್‌ಫಿಶ್‌ಗೆ ಬೇಕೇ ಬೇಕು. ಹಸುವಿಗೆ ಬೆಳೆಸಿದ ಅಜೋಲಾ ಒಂದು ಹಿಡಿ ಎಸೆದರೆ ದಿನವಿಡೀ ಕಚ್ಚುತ್ತಿರುತ್ತವೆ. ಒಂದು ಗೋಲ್ಡ್‌ಫಿಶ್ ಒಮ್ಮೆ ವಾಲಿಕೊಂಡು ತೇಲುತ್ತಿತ್ತು, ಎರಡು ದಿನ ಉಪವಾಸ ಹಾಕಿ, ಬೇಯಿಸಿದ ಬಟಾಣಿಯ ಸಿಪ್ಪೆ ತೆಗೆದು ಕೊಟ್ಟೆ, ಸರಿಹೋಯಿತು. ಹಿಪ್ಪುನೇರಳೆ ಎಳೆ ಎಲೆಯನ್ನೂ ಹಾಕಿ ನೋಡಿದೆ, ಮೂಸಿ ಬಿಟ್ಟವು. ಬಣ್ಣ ಬರಿಸುವ ಫೀಡ್ ಅಂತ ಸಿಗುತ್ತದಲ್ಲ, ಕೆಂಪು ಕೋಯಿಗೆ ಅದು ನಿಜಕ್ಕೂ ಕೆಲಸ ಮಾಡಿತು, ಆದರೆ ಪಕ್ಕದ ಬಿಳಿ ಕೋಯಿಯ ಮೈಯೂ ಹಳದಿ ತಿರುಗಿತು. ಬಿಟ್ಟೆ.

ಪ್ಯೂಪಾ ಪೂರ್ತಿ ಬಿಟ್ಟಿಲ್ಲ. ನೂಲು ಬಿಚ್ಚಿದ ದಿನವೇ ಅರ್ಧ ಕೆಜಿ ತಂದು, ತೊಳೆದು, ಫ್ರೀಜರ್‌ನಲ್ಲಿಟ್ಟು ಭಾನುವಾರಕ್ಕೊಂದು ಹಿಡಿ. ಅದಕ್ಕೆ ಮನೆಯ ಫ್ರಿಜ್‌ನಲ್ಲಿ ಜಾಗ ಕೊಡಲು ಹೆಂಡತಿ ಒಪ್ಪಲಿಲ್ಲ, ಶೆಡ್ಡಿಗೆ ಹಳೇದೊಂದು ಬೇರೆ ತಂದೆ. ಅಮ್ಮ ಈಗಲೂ ಏಕಾದಶಿಗೆ ಪುರಿ ಹಾಕುತ್ತಾರೆ. ಆ ದಿನ ಸಂಜೆಯ ಫೀಡ್ ನಾನು ಹಾಕುವುದಿಲ್ಲ.